ಒಂದು ವಲ್ಲಿಯಷ್ಟು ಹತ್ತಿ

ಇವತ್ತು ರವಿವಾರ. ಬೆಳಿಗ್ಗೆ ನಮ್ಮ ಹಳೆಯ ಗಾದಿಯನ್ನು ಅಂಗಳಕ್ಕೆ ಎಳೆದು ತಂದು ಅದರ ಹೊಲಿಗೆ ಬಿಚ್ಚಿದೆ. ಬಿಸಿಲಿಗೆ ಬಿದ್ದ ಹಳೆಯ ಹತ್ತಿಗೆ ಒಂದು ವಾಸನೆ ಇರುತ್ತದೆ, ನಿಮಗೂ ಗೊತ್ತಿರಬೇಕು. ಅದರಲ್ಲಿ ಸ್ವಲ್ಪ ಧೂಳು, ಸ್ವಲ್ಪ ಕೊಬ್ಬರಿ ಎಣ್ಣೆ, ಸ್ವಲ್ಪ ಮಕ್ಕಳು ಸಣ್ಣವರಿದ್ದಾಗಿನ ಮನೆ ಇರುತ್ತದೆ. ಒಳಗೆ ಹತ್ತಿ ಗಂಟುಗಂಟಾಗಿ ಕೂತಿತ್ತು. ಒಂದು ಗಂಟನ್ನು ಬಿಡಿಸಿದರೆ ಅದರೊಳಗೆ ಒಂದು ಹತ್ತಿಕಾಳು ಸಿಕ್ಕಿತು. ಹದಿಮೂರು ವರ್ಷ ನನ್ನ ನಡದ ಕೆಳಗೆ ಅದು ಇತ್ತೆಂದು ಲೆಕ್ಕ ಹಾಕಿ, ನನ್ನ ನೋವಿಗೆಲ್ಲ ಇದೇ ಕಾರಣ ಎಂದು ಹೆಂಡತಿಗೆ ತೋರಿಸಿದೆ. ಅವಳು ನಗಲಿಲ್ಲ.

"ಊರಾಗಿನ ಮಂದಿ ಎಲ್ಲಾ ಫೋಮಿನ ಗಾದಿ ತಂದಾರ. ನೀವೊಬ್ರು ಸೂಟಿ ದಿನ ಹತ್ತಿ ಹಿಂಜಾಕ ಕುಂತೀರಿ" ಎಂದಳು.

ಅವಳ ಮಾತಿನಲ್ಲಿ ತಪ್ಪಿಲ್ಲ. ಬೈಲಹೊಂಗಲದಲ್ಲಿ ಈಗ ಗಾದಿಯ ಅಂಗಡಿಗಳು ಐದಾರು ಇವೆ. ಆದರೆ ಈ ಗಾದಿಯನ್ನು ಹೀಗೆ ಎತ್ತಿ ಒಗೆಯುವುದು ನನ್ನಿಂದ ಆಗುವುದಿಲ್ಲ. ಯಾಕೆ ಆಗುವುದಿಲ್ಲ ಎಂದು ಹೇಳಬೇಕಾದರೆ, ಮೊದಲು ನನ್ನ ನಡದ ಕಥೆ ಹೇಳಬೇಕಾಗುತ್ತದೆ. ನಡ ಎಂದರೆ ಸೊಂಟ, ಸೊಂಟದ ಹಿಂಭಾಗ. ನಮ್ಮ ಕಡೆ ಮಾತಿಗೆ ಕೂತವರಲ್ಲಿ ಅರ್ಧ ಜನ ಅದರ ಸುದ್ದಿಯನ್ನೇ ಮಾತಾಡುತ್ತಾರೆ.

ನಾನು ಪಿ.ಟಿ. ಮಾಸ್ತರ. ಸಂಗೊಳ್ಳಿಗೆ ಹೋಗುವ ದಾರಿಯಲ್ಲಿರುವ ಒಂದು ಹೈಸ್ಕೂಲಿನಲ್ಲಿ ಕೊರಳಿಗೆ ಸೀಟಿ ಹಾಕಿಕೊಂಡು ಓಡಾಡುವವನು. ಪಿ.ಟಿ. ಮಾಸ್ತರಿಗೆ ನೆಗಡಿಯಾದರೂ ಜನ ಆಶ್ಚರ್ಯಪಡುತ್ತಾರೆ. "ನಿಮಗೂ ಆಗತೈತೇನ್ರಿ?" ಎಂದು ಕೇಳುತ್ತಾರೆ. ಇಂಥ ಮಾತು ಕೇಳಿ ಕೇಳಿ ನನಗೂ ಅದು ನಿಜವೆನಿಸಿತ್ತು. ತೊಂಬತ್ತಾರರ ಸುಮಾರಿಗೆ, ನನಗೆ ಮೂವತ್ಮೂರು ವರ್ಷ ಇದ್ದಾಗ, ಶಾಲೆಯ ಮೈದಾನದ ಮೂಲೆಯಲ್ಲಿ ಬಿದ್ದಿದ್ದ ಸಂಗ್ರಾಣಿ ಕಲ್ಲನ್ನು ಎಲ್ಲರೆದುರು ಎತ್ತಿದೆ. ಊರಿನ ಗಟ್ಟಿ ಆಳುಗಳು ಪಂಥ ಕಟ್ಟಿ ಎತ್ತುವ ಗುಂಡನೆಯ ಕಲ್ಲು ಅದು. ಎದೆಗೆ ತಂದೆ, ಹೆಗಲಿಗೇರಿಸಿದೆ, ಹಿಂದಕ್ಕೆ ಒಗೆದೆ. ಹತ್ತನೆಯ ತರಗತಿಯವರು ಚಪ್ಪಾಳೆ ತಟ್ಟಿದರು. ಏನೂ ಆಗಲಿಲ್ಲ.

ಮರುದಿನ ಬೆಳಿಗ್ಗೆ ಬೂಟಿನ ಲಾಡಿ ಕಟ್ಟಲು ಬಗ್ಗಿದವನು ಬಗ್ಗಿದಲ್ಲೇ ನಿಂತೆ. ಕಲ್ಲು ಕೆಡವಿದ್ದರೆ ಹೇಳಿಕೊಳ್ಳುವುದಕ್ಕಾದರೂ ಒಂದು ಮರ್ಯಾದೆ ಇರುತ್ತಿತ್ತು. ಲಾಡಿ ಕೆಡವಿತು ಎಂದು ಯಾರಿಗೆ ಹೇಳುವುದು?

ಬೆಳಗಾವಿಯ ಡಾಕ್ಟರು ಎಕ್ಸ್‌ರೇ ನೋಡಿ, "ಎಲುಬು ಚಲೋ ಅದಾವ. ನಾಕ ದಿನ ಆರಾಮ ಮಾಡ್ರಿ. ಆಮ್ಯಾಲ ನೋವಿದ್ರೂ ಸಾವಕಾಶ ಅಡ್ಡಾಡ್ರಿ" ಎಂದರು. ನಾನು ಆರಾಮ ಮಾಡುವ ಮಾತನ್ನಷ್ಟೇ ಮನೆಗೆ ಹೊತ್ತು ತಂದೆ. ಐದನೆಯ ದಿನ ಎದ್ದು ನಿಂತಾಗ ನೋವು ಬಂತು. ನೋವು ಬಂತೆಂದರೆ ಒಳಗೆ ಏನೋ ಕಿತ್ತುಹೋಗುತ್ತಿದೆ ಎಂದೇ ನನ್ನ ತಿಳಿವಳಿಕೆ. ಹಾಗಾಗಿ ಮತ್ತೆ ಮಲಗಿದೆ. ಹೀಗೆ ನಾಲ್ಕು ದಿನದ ಆರಾಮು ಮೂರು ತಿಂಗಳಾಯಿತು.

ಮೆತ್ತಗಿನ ಗಾದಿ ನಡಕ್ಕೆ ವಿಷ ಎಂದು ನೋಡಲು ಬಂದವರೆಲ್ಲ ಹೇಳಿದರು. ಅದಕ್ಕೆ ಶಾಲೆಯಲ್ಲಿ ಬಣ್ಣ ಹೋಗಿ ಮೂಲೆಗೆ ಬಿದ್ದಿದ್ದ ಒಂದು ಹಳೆಯ ಕರಿಹಲಗೆಯನ್ನು ತರಿಸಿ, ಪಡಸಾಲೆಯ ನೆಲಕ್ಕೆ ಹಾಕಿ, ಅದರ ಮೇಲೆ ಮಲಗತೊಡಗಿದೆ. ಎಷ್ಟು ಒರೆಸಿದರೂ ಅದರ ಸಂದಿನೊಳಗಿನ ಸುಣ್ಣಕಡ್ಡಿಯ ಪುಡಿ ಹೋಗಲಿಲ್ಲ. ಸಂಜೆಗೆ ನನ್ನ ಬನಿಯನ್ನಿನ ಬೆನ್ನು ಬೆಳ್ಳಗಾಗಿರುತ್ತಿತ್ತು.

ಕಾಲು ಮುಂದಾಗಿ ಹುಟ್ಟಿದವರು ಒದ್ದರೆ ಹಿಡಿದ ನಡ ಬಿಡುತ್ತದೆ ಎಂಬ ನಂಬಿಕೆಯೂ ನಮ್ಮಲ್ಲಿದೆ. ಮಗ್ಗುಲ ಮನೆಯ ಗಂಗವ್ವ ಹಾಗೆ ಹುಟ್ಟಿದವಳು. ಅವಳನ್ನು ಕರೆಸಿದರು. ಅವಳು ಬಾಗಿಲಲ್ಲೇ ನಿಂತು, "ಸಾಲಿ ಕಲಿಸೂ ಮಾಸ್ತರಿಗೆ ಕಾಲ ಹಚ್ಚೂದು ಹೆಂಗರಿ ಯವ್ವಾ" ಎಂದು ಹತ್ತು ನಿಮಿಷ ಸಂಕೋಚಪಟ್ಟಳು. ಕೊನೆಗೆ ನನ್ನ ಪಾದ ಮುಟ್ಟಿ ನಮಸ್ಕಾರ ಮಾಡಿ, ಆಮೇಲೆ ಮೂರು ಸಲ ಒದ್ದಳು. ಮೂರನೆಯದಕ್ಕೆ ಸಂಕೋಚ ಪೂರ್ತಿ ಹೋಗಿತ್ತು.

ಇದನ್ನೆಲ್ಲ ಈಗ ನಗುತ್ತ ಬರೆಯುತ್ತಿದ್ದೇನೆ, ಆಗ ನಗು ಬರುತ್ತಿರಲಿಲ್ಲ. ಕಾಲುಗಳು ಸಣ್ಣಗಾಗಿದ್ದವು. ಬಚ್ಚಲಿಗೆ ಹೋಗಿ ಬಂದರೆ ಬೆವರು ಬರುತ್ತಿತ್ತು. ಶಾಲೆಯಲ್ಲಿ ನನ್ನ ಪೀರಿಯಡ್ಡುಗಳನ್ನು ಗಣಿತದ ಮಾಸ್ತರಿಗೆ ಕೊಟ್ಟಿದ್ದರು. ಹೆಡ್ಮಾಸ್ತರರು ಒಂದು ದಿನ ಬಂದು, ಆಫೀಸಿನಲ್ಲಿ ಕೂತು ಮಾಡುವ ಒಂದು ಕೆಲಸ ಖಾಲಿ ಆಗುತ್ತದೆ, ಬೇಕಾದರೆ ಅರ್ಜಿ ಕೊಡಿ, ದೀಪಾವಳಿ ಸೂಟಿ ಮುಗಿಯುವುದರೊಳಗೆ ಹೇಳಿ ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಅವರು ಹೋದ ಮೇಲೆ ನಾನು ಅರ್ಜಿ ಬರೆದೆ. ಪಿ.ಟಿ. ಹುದ್ದೆಯಿಂದ ನನ್ನನ್ನು ಬಿಡಿಸಬೇಕಾಗಿ ವಿನಂತಿ ಎಂದು. ಬರೆದು ದಿಂಬಿನ ಕೆಳಗೆ ಇಟ್ಟುಕೊಂಡೆ. ಮೈದಾನ ಬಿಟ್ಟರೆ ನಾನು ಯಾರು ಎಂಬುದು ನನಗೇ ಗೊತ್ತಿರಲಿಲ್ಲ. ಆ ಕಾಗದದ ಮೇಲೆ ತಲೆ ಇಟ್ಟು ಅತ್ತದ್ದೂ ಉಂಟು.

ಅದೇ ವಾರ ಮೌಲಾಸಾಬ ಕಾಕಾ ಬಂದರು. ಮುನವಳ್ಳಿಯವರು, ಗಾದಿಯ ಹತ್ತಿ ಹಿಂಜುವ ಪಿಂಜಾರರು. ವಯಸ್ಸು ಐವತ್ತು ದಾಟಿತ್ತು. ಮಳೆಗಾಲ ಮುಗಿದ ಮೇಲೆ ಬಸ್ಸಿನ ಟಪ್ಪಿನ ಮೇಲೆ ಹತ್ತಿ ಹಿಂಜುವ ತಮ್ಮ ಆಳೆತ್ತರದ ಬಿಲ್ಲಿನಂಥ ಕಮಾನು ಹಾಕಿಕೊಂಡು ಬೈಲಹೊಂಗಲಕ್ಕೆ ಬಂದು, ಸಂಬಂಧಿಕರ ಮನೆಯಲ್ಲಿ ಒಂದು ತಿಂಗಳು ಉಳಿದು, ಓಣಿ ಓಣಿ ತಿರುಗುತ್ತಿದ್ದರು. ಹೇಗೂ ನಾನು ಹಲಗೆ ಹಿಡಿದಿದ್ದೇನೆ, ಖಾಲಿ ಬಿದ್ದ ಗಾದಿಯನ್ನಾದರೂ ಸರಿ ಮಾಡಿಸೋಣ ಎಂದು ನನ್ನ ಹೆಂಡತಿ ಅವರನ್ನು ಕರೆದಿದ್ದಳು.

ಪಡಸಾಲೆಯ ಬಾಗಿಲಿನಿಂದ ನನಗೆ ಅಂಗಳ ಪೂರ್ತಿ ಕಾಣುತ್ತಿತ್ತು. ಅವರು ಬೇವಿನ ಗಿಡದ ಕೆಳಗೆ ಚೀಲ ಹಾಸಿ, ಗಾದಿಯ ಹತ್ತಿಯನ್ನೆಲ್ಲ ಹೊರಗೆ ತೆಗೆದರು. ಕೆಲಸ ಶುರು ಮಾಡುತ್ತಾರೆಂದು ನೋಡಿದರೆ ಮಾಡಲಿಲ್ಲ. ಹೆಗಲ ಮೇಲಿನ ವಲ್ಲಿಯನ್ನು, ಅಂದರೆ ಟವೆಲನ್ನು, ನೆಲಕ್ಕೆ ಹಾಸಿ ಅದರ ತುಂಬ ಹತ್ತಿ ಹಾಕಿ ನಾಲ್ಕೂ ಮೂಲೆ ಕೂಡಿಸಿ ನೋಡಿದರು. ಕೂಡಿದವು. ಅದನ್ನು ಒಂದು ಕಡೆ ಸುರಿದರು. ಹೀಗೆ ವಲ್ಲಿಯಿಂದಲೇ ಅಳೆದು ಏಳು ಗುಂಪು ಮಾಡಿದರು. ಆಮೇಲೆ ಕಮಾನು ಹಿಡಿದು, ಕಟ್ಟಿಗೆಯ ಕೊಡತಿಯಿಂದ ಅದರ ಹುರಿಯನ್ನು ಮೀಟತೊಡಗಿದರು. ಟುಂಯ್ ಟುಂಯ್ ಎಂದು ಹತ್ತಿ ಹಾರಿ ಹಾರಿ ಹಗುರಾಗಿ ಬೀಳುತ್ತಿತ್ತು. ಎರಡೂ ತುದಿ ದಪ್ಪ, ನಡು ಸಣ್ಣ ಇದ್ದ ಆ ಕೊಡತಿ ನಮ್ಮ ಶಾಲೆಯ ಕವಾಯತಿನ ಡಂಬೆಲ್ಸಿನ ಹಾಗೇ ಇತ್ತು.

ಹಳೆಯ ರೂಢಿ, ನಾನು ಅವರ ಪೆಟ್ಟುಗಳನ್ನು ಎಣಿಸುತ್ತಿದ್ದೆ. ಒಂದು ಗುಂಪು ಮುಗಿಯುತ್ತಲೇ ಅವರು ಎದ್ದರು. ಅಂಗಳದಲ್ಲಿ ಮೂರು ಸುತ್ತು ಹಾಕಿದರು, ಬಲಗೈಯನ್ನು ಗೋಡೆಯ ಮೇಲೆ ಮೆಲ್ಲಗೆ ಮೇಲಕ್ಕೆ ಏರಿಸಿ ಇಳಿಸಿದರು, ನೀರು ಕುಡಿದು ಎರಡನೆಯದಕ್ಕೆ ಕೂತರು. ನಾಲ್ಕನೆಯ ಗುಂಪಿನ ಹೊತ್ತಿಗೆ ಕೈ ಒಳ್ಳೆಯ ಲಯಕ್ಕೆ ಬಂದಿತ್ತು. ಆದರೂ ಗುಂಪು ಮುಗಿದ ಕೂಡಲೇ ಎದ್ದರು. ನನಗೆ ತಡೆಯಲಾಗಲಿಲ್ಲ.

"ದಣಿವಾತೇನ್ರಿ ಕಾಕಾ?"

"ಇಲ್ಲರಿ. ವಲ್ಲಿ ಮುಗೀತು, ಎದ್ದೆ" ಎಂದರು. ಆಗಲೇ ಅವರು ನನ್ನನ್ನು ಸರಿಯಾಗಿ ನೋಡಿದ್ದು. "ಇಷ್ಟ ಚಲೋ ಗಾದಿ ಇಟಗೊಂಡು ಹಲಗಿ ಮ್ಯಾಲ ಯಾಕ ಮಕ್ಕೊಂಡೀರಿ ಮಾಸ್ತರ?"

ನಾನು ಕಲ್ಲಿನ ಕಥೆ ಹೇಳಿದೆ. ಲಾಡಿಯನ್ನು ಬಿಟ್ಟೆ. ಅವರು ಕಟ್ಟೆಗೆ ಕೂತು ತಮ್ಮ ಬಲಭುಜ ಮುಟ್ಟಿಕೊಂಡರು.

"ಇದು ನನಗ ಹದಿನೆಂಟ ವರ್ಷದ್ದರಿ. ಮೊದಲಿಗೆ ನಾನೂ ನಿಮ್ಮಂಗ ಬಿದ್ಕೊಂಡಿದ್ದೆ. ಕೈ ಕಟ್ಟಿಗಿ ಆತು. ಆಮ್ಯಾಲ ಎದ್ದೆ. ಬ್ಯಾನಿ ಕಡಿಮಿ ಇದ್ದ ದಿನ ಎರಡೆರಡ ಗಾದಿ ಹಿಂಜತಿದ್ದೆ. ಮರುದಿನದಿಂದ ಎಂಟ ದಿನ ಕೈ ಏಳತಿರಲಿಲ್ಲ. ಕಡೀಕ ವಲ್ಲಿ ಅಳತಿ ಹಿಡದೆ. ಬ್ಯಾನಿ ಇರಲಿ, ಇರದಿರಲಿ, ಒಂದ ವಲ್ಲಿ ಹಿಂಜೂದು, ಏಳೂದು."

"ಈಗ ದಿನಾ ಹಿಂಜಾಕ ಬರತೈತೇನು?"

"ನೋಡಾಕ ಹತ್ತೀರಲ್ಲ."

ನಾನು ನೋಡುತ್ತಲೇ ಇದ್ದೆ. ಈ ಮನುಷ್ಯ ಗುಣವಾದ, ನಾನೂ ಆಗಬಹುದು ಎಂದು ಮನಸ್ಸು ಎದ್ದು ಕೂತಿತು. ಅವರು ಹಾಗೆ ಹೇಳಿರಲಿಲ್ಲ ಎಂಬುದು ನನಗೆ ಹೊಳೆದದ್ದು ಏಳು ವರ್ಷದ ಮೇಲೆ.

"ನೀವು ಎದ್ದ್ರ ಎಷ್ಟ ದೂರ ಹೋಗತೀರಿ?" ಎಂದು ಕೇಳಿದರು.

"ಬಚ್ಚಲತನಕಾ."

"ಆತಲ್ಲ. ಅದ ನಿಮ್ಮ ವಲ್ಲಿ. ಕೆಲಸ ಇರಲಿ ಬಿಡಲಿ, ದಿನಕ್ಕ ಆರ ಸಲ ಬಚ್ಚಲಕ್ಕ ಹೋಗಿ ಬರ್ರಿ. ನಾಕ ದಿನಕ್ಕೊಮ್ಮಿ ಎರಡ ಹೆಜ್ಜಿ ಕೂಡಿಸ್ರಿ."

ಒಳಗೆ ಹೆಂಡತಿ ನಕ್ಕದ್ದು ಕೇಳಿಸಿತು. ಎಷ್ಟೋ ದಿನಗಳ ಮೇಲೆ ಕೇಳಿದ ನಗು.

ಸಂಜೆಗೆ ಏಳೂ ಗುಂಪು ಮುಗಿಸಿ, ಗಾದಿ ತುಂಬಿ, ದಬ್ಬಳದಿಂದ ಹೊಲಿದು ಕೊಟ್ಟರು. "ಹಲಗಿ ಸಾಲಿಗೆ ಕಳಿಸ್ರಿ" ಎಂದು ಹೇಳಿ ಹೋದರು. ನಾನು ಕಳಿಸಲಿಲ್ಲ, ಗೋಡೆಗೆ ಆನಿಸಿ ಇಟ್ಟೆ. ಯಾವುದಕ್ಕೂ ಇರಲಿ ಎಂದು.

ಬಚ್ಚಲು, ಆಮೇಲೆ ಬೇವಿನ ಗಿಡ, ಆಮೇಲೆ ಅಂಗಳದ ಗೇಟು. ಹತ್ತು ದಿನ ಹೀಗೆ ನಡೆಯಿತು. ಹನ್ನೊಂದನೆಯ ದಿನ ಬೆಳಿಗ್ಗೆ ಎದ್ದರೆ ನೋವೇ ಇರಲಿಲ್ಲ. ನೀವು ಊಹಿಸಿರಬೇಕು. ಮಾರುಕಟ್ಟೆಯವರೆಗೆ ನಡೆದೆ, ಬರುವಾಗ ಕಾಯಿಪಲ್ಲೆಯ ಚೀಲ ಹೊತ್ತು ತಂದೆ, ಮಧ್ಯಾಹ್ನ ನೀರಿನ ಕೊಡ ಎತ್ತಿದೆ, ಸಂಜೆ ಬಾಗಿಲು ಹಾಕಿಕೊಂಡು ಹತ್ತು ಬೈಠಕ್ಕನ್ನೂ ಹೊಡೆದೆ. ಮರುದಿನ ಹೆಂಡತಿ ಗೋಡೆಗಿದ್ದ ಕರಿಹಲಗೆಯನ್ನು ತಾನೇ ತಂದು ಹಾಸಿದಳು.

ಅವತ್ತೇ ದಿಂಬು ಹಿಂಜಲು ಬಂದ ಮೌಲಾಸಾಬ ಕಾಕಾ ನನ್ನನ್ನು ಅದರ ಮೇಲೆ ಕಂಡು, ಹಿಂದಿನ ದಿನದ ಕಥೆ ಕೇಳಿ ತಲೆ ಅಲ್ಲಾಡಿಸಿದರು. "ನಿಮ್ಮನ್ನ ಬ್ಯಾನಿ ಕೆಡವಿಲ್ಲರಿ ಮಾಸ್ತರ. ನಿನ್ನಿ ಚಲೋ ಇತ್ತಲ್ಲ, ಆ ದಿನಾ ಕೆಡವೈತಿ. ಬ್ಯಾನಿ ಇದ್ದ ದಿನ ಏಳೂದು ಸಲೀಸು. ಚಲೋ ಇದ್ದ ದಿನ ಕುಂಡ್ರೂದ ಕಲೀರಿ."

ನನಗೆ ನಾಚಿಕೆಯಾಯಿತು. ಹೊಸ ಹುಡುಗ ಮೈದಾನಕ್ಕೆ ಬಂದರೆ ಮೊದಲ ದಿನವೇ ಹತ್ತು ಸುತ್ತು ಓಡು ಎಂದು ನಾನೆಂದೂ ಹೇಳಿದವನಲ್ಲ. ದಿನಕ್ಕೆ ಇಷ್ಟೇ ಎಂದು ಕಟ್ಟುನಿಟ್ಟು ಮಾಡುತ್ತಿದ್ದೆ, ಕೇಳದವನ ಕಿವಿ ಹಿಂಡುತ್ತಿದ್ದೆ. ನನ್ನ ಸ್ವಂತ ನಡದ ಮಟ್ಟಿಗೆ ಆ ವಿದ್ಯೆಯೆಲ್ಲ ಮರೆತುಹೋಗಿತ್ತು. ಅವತ್ತಿನಿಂದ ಹೆಜ್ಜೆ ಎಣಿಸಿ ನಡೆದೆ. ಮೈ ಎಷ್ಟು ಹಗುರಾಗಿದ್ದರೂ ಎಣಿಕೆ ಮುಗಿದಲ್ಲಿ ತಿರುಗಿದೆ. ದೀಪಾವಳಿ ಸೂಟಿ ಮುಗಿದಾಗ ದಿಂಬಿನ ಕೆಳಗಿದ್ದ ಅರ್ಜಿಯನ್ನು ಕಪಾಟಿಗೆ ಹಾಕಿ, ಕೊರಳಿಗೆ ಸೀಟಿ ಹಾಕಿಕೊಂಡು ಶಾಲೆಗೆ ಹೋದೆ. ಜನವರಿಯ ಕವಾಯತಿಗೆ ಡಂಬೆಲ್ಸ್ ಹಿಡಿದು ಮುಂದೆ ನಿಂತೆ. ಪೂರ್ತಿ ಬಗ್ಗಲು ಬರುತ್ತಿರಲಿಲ್ಲ. ಅರ್ಧವೇ ಬಗ್ಗಿದೆ. ಹಿಂದಿದ್ದ ಇನ್ನೂರು ಹುಡುಗರೂ ಅರ್ಧವೇ ಬಗ್ಗಿದರು. ಅತಿಥಿಗಳಿಗೆ ಅದು ಹೊಸ ಮಾದರಿಯ ಕವಾಯತು ಅನಿಸಿತಂತೆ.

ಕಥೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಎರಡು ಸಾವಿರದ ಮೂರರ ಮಳೆಗಾಲದಲ್ಲಿ ನೋವು ಮತ್ತೆ ಬಂತು, ಮೊದಲಿನಷ್ಟೇ ಜೋರಾಗಿ. ಈ ಸಲ ಕಲ್ಲೂ ಇಲ್ಲ, ಲಾಡಿಯೂ ಇಲ್ಲ. ಏಳು ವರ್ಷ ಅಳತೆ ತಪ್ಪಿರಲಿಲ್ಲ, ದಿನಾ ನಡೆದಿದ್ದೆ, ನಡುವೆ ಒಮ್ಮೆ ಡಾಕ್ಟರು ತೋರಿಸಿಕೊಟ್ಟಿದ್ದ ವ್ಯಾಯಾಮ ಬಿಟ್ಟಿರಲಿಲ್ಲ. ಮತ್ತೆ ಬೆಳಗಾವಿಗೆ ಹೋದೆ. "ಹೊಸಾದು ಏನೂ ಆಗಿಲ್ಲ. ಪೀರಿಯಡ್ ಮುಗಿದ ಮ್ಯಾಲೂ ಗಂಟಿ ಬಾರಸಾಕ ಹತ್ತಿದಂಗ ಐತಿ ನಿಮ್ಮ ನೋವು. ಗಂಟಿ ಕೇಳತೈತಿ ಅಂತ ಸಾಲಿಗೆ ಬೆಂಕಿ ಬಿದ್ದೈತಿ ಅಂತಲ್ಲ" ಎಂದು ಅದೇ ಡಾಕ್ಟರು ಹೇಳಿದರು. ತಲೆಗೆ ತಿಳಿಯಿತು, ಮನಸ್ಸಿಗೆ ತಿಳಿಯಲಿಲ್ಲ. ಮೋಸ ಹೋದವನ ಸಿಟ್ಟು ನನ್ನದು. ಹೊಸ ಅರ್ಜಿ ಬರೆದು ಅಂಗಿಯ ಜೇಬಿಗೆ ಹಾಕಿಕೊಂಡೆ. ಕೊಡುವ ಮೊದಲು ಒಮ್ಮೆ ಮೌಲಾಸಾಬ ಕಾಕಾರನ್ನು ಕೇಳಬೇಕೆಂದು ಮುನವಳ್ಳಿಯ ಬಸ್ಸು ಹತ್ತಿದೆ. ಕೂತರೆ ನೋವು, ಅದಕ್ಕೆ ನಿಂತೇ ಹೋದೆ. ನವಿಲುತೀರ್ಥದ ಡ್ಯಾಮಿಗೆ ಎಷ್ಟು ನೀರು ಬಂದಿದೆ ಎಂದು ಬಸ್ಸಿನ ತುಂಬ ವಾದ ನಡೆದಿತ್ತು. ನನಗೆ ಯಾವುದೂ ಬೇಕಾಗಿರಲಿಲ್ಲ.

ಅವರ ಮನೆಯ ಬಾಗಿಲು ತೆರೆದಿತ್ತು. ಕಾಕಾ ಕಟ್ಟೆಯ ಮೇಲೆ ಕೂತಿದ್ದರು, ಅವರ ಹೆಂಡತಿ ಖೈರುನಬಿ ಅವರಿಗೆ ಅಂಗಿ ತೊಡಿಸುತ್ತಿದ್ದರು. ಮೊದಲು ಬಲಗೈಯನ್ನು ಮೆಲ್ಲಗೆ ತೋಳಿಗೆ ಸೇರಿಸಿ, ಆಮೇಲೆ ಎಡಗೈ. ಎಷ್ಟೋ ವರ್ಷದಿಂದ ನಡೆದ ಕೆಲಸ ಎಂಬುದು ಆ ಕೈಗಳ ಸಲೀಸಿನಲ್ಲೇ ಗೊತ್ತಾಗುತ್ತಿತ್ತು.

"ಮತ್ತ ಬಂತೇನ್ರಿ ಭುಜಕ್ಕ?" ಎಂದೆ ಗಾಬರಿಯಾಗಿ.

"ಮತ್ತ ಅಂದ್ರ? ಹೋಗಿದ್ದ ಯಾವಾಗ?" ಎಂದರು. "ಬರ್ರಿ ಮಾಸ್ತರ, ಕುಂಡ್ರಿ."

ನಾನು ಕೂರಲಿಲ್ಲ. "ಅವತ್ತ ನಮ್ಮ ಮನ್ಯಾಗ ಗಾದಿ ಹಿಂಜೂ ಮುಂದ?"

"ಅವತ್ತೂ ಇತ್ತರಿ. ಇಪ್ಪತ್ತೈದ ವರ್ಷ ಆತು, ಪೂರಾ ಅಂತ ಬಿಟ್ಟಿಲ್ಲ. ಒಂದ ದಿನ ಸಣ್ಣಗ, ಒಂದ ದಿನ ಜೋರ."

ನನಗೆ ಸಿಟ್ಟು ಬಂತು. ವಯಸ್ಸಿನಲ್ಲಿ ಹಿರಿಯರ ಮೇಲೆ ದನಿ ಎತ್ತಿದವನಲ್ಲ ನಾನು, ಅವತ್ತು ಎತ್ತಿದೆ. "ಮತ್ತ ನನಗ್ಯಾಕ ಹೇಳಲಿಲ್ಲ? ನೀವು ಗುಣಾ ಆಗೀರಿ ಅಂತ ತಿಳಕೊಂಡೆ ನಾನು ಎದ್ದೆ."

ಅವರು ಬೇಜಾರು ಮಾಡಿಕೊಳ್ಳಲಿಲ್ಲ. "ಹಿಂಜಾಕ ಬರತೈತೇನು ಅಂತ ಕೇಳಿದ್ರಿ. ಬರತಿತ್ತು. ಬ್ಯಾನಿ ಹೋಗೈತೇನು ಅಂತ ನೀವು ಕೇಳಲಿಲ್ಲ, ನಾನೂ ಹೇಳಲಿಲ್ಲ. ಹೇಳಿದ್ರ ಆ ಹಲಗಿ ಬಿಟ್ಟ ಏಳತಿದ್ರೇನು?"

ನಾನು ಕೂತೆ. ಖೈರುನಬಿ ಚಹಾ ತಂದರು. ಕಾಕಾ ಬಟ್ಟಲನ್ನು ಎಡಗೈಯಿಂದ ತೆಗೆದುಕೊಂಡರು. ಏಳು ವರ್ಷದ ಹಿಂದೆಯೂ ಅವರು ಎಡಗೈಯಿಂದಲೇ ನೀರು ಕುಡಿದಿದ್ದು ಆಗ ನೆನಪಿಗೆ ಬಂತು. ಬಾಗಿಲಲ್ಲಿ ಮಲಗಿ ಅವರ ಒಂದೊಂದು ಪೆಟ್ಟನ್ನೂ ಎಣಿಸಿದ್ದೆ. ಆ ಒಂದೊಂದು ಪೆಟ್ಟಿಗೂ ಅವರ ಭುಜ ನೋಯುತ್ತಿತ್ತು. ಅದು ಮಾತ್ರ ನನಗೆ ಕಂಡಿರಲಿಲ್ಲ.

ಬೈಲಹೊಂಗಲಕ್ಕೆ ವಾಪಸು ಬರುವಾಗ ಅರ್ಧ ದಾರಿ ಕೂತು ಬಂದೆ, ಅರ್ಧ ದಾರಿ ನಿಂತು ಬಂದೆ. ನೋವು ಹಾಗೇ ಇತ್ತು. ಆದರೆ ಸಿಟ್ಟು ಇಳಿದು, ಅದರ ಜಾಗಕ್ಕೆ ದೊಡ್ಡ ನಿರಾಳ ಬಂದಿತ್ತು. ನಾನು ಸೋತಿರಲಿಲ್ಲ. ಆ ಅಳತೆ ನೋವು ಓಡಿಸುವ ಔಷಧ ಎಂದು ತಿಳಿದಿದ್ದೆ. ಅದು ನೋವನ್ನು ಮನೆಯಲ್ಲಿಟ್ಟುಕೊಂಡೇ ಬದುಕು ಮಾಡುವ ರೀತಿ ಎಂದು ಅವತ್ತು ಗೊತ್ತಾಯಿತು. ಏಳು ವರ್ಷ ಪ್ರತಿದಿನ ಬೆಳಿಗ್ಗೆ ಕಣ್ಣು ಬಿಡುವ ಮೊದಲೇ ನಡದ ನೋವನ್ನು "ಹೋದೆಯಾ?" ಎಂದು ಕೇಳುತ್ತಿದ್ದೆ. ಮರುದಿನದಿಂದ ಕೇಳುವುದು ಬಿಟ್ಟೆ. ಮೊದಲ ವಾರ ಮತ್ತೆ ಗೇಟಿನವರೆಗಿನ ಅಳತೆಯಿಂದ ಶುರು ಮಾಡಿದೆ. ಎರಡು ತಿಂಗಳಿಗೆ ಮೈದಾನದ ಸುತ್ತಿಗೆ ಬಂದೆ. ಜೇಬಿನ ಅರ್ಜಿಯ ಹಿಂಬದಿಯಲ್ಲಿ ಖೋ ಖೋ ಅಂಕಣದ ಅಳತೆ ಗುರುತು ಹಾಕಿಕೊಂಡೆ. ಕಾಗದ ಒಳ್ಳೆಯದಿತ್ತು.

ಮೌಲಾಸಾಬ ಕಾಕಾ ಹೋದ ವರ್ಷ ತೀರಿಕೊಂಡರು. ಮನೆಯವರನ್ನು ಮಾತಾಡಿಸಿ ಬರಲು ಹೋದಾಗ ಕಮಾನು ಗೋಡೆಗೆ ತೂಗುಬಿದ್ದಿತ್ತು. ಕೊನೆಯ ದಿನಗಳಲ್ಲಿ ಬರೀ ದಿಂಬು ಹಿಂಜುತ್ತಿದ್ದರಂತೆ, ಅದನ್ನೂ ವಲ್ಲಿಯಿಂದ ಅಳೆದೇ. ಕೊನೆಕೊನೆಗೆ ವಲ್ಲಿ ಬಿಟ್ಟು ಕರವಸ್ತ್ರ ಹಾಸುತ್ತಿದ್ದರು ಎಂದು ಖೈರುನಬಿ ಹೇಳಿದರು. ಹೇಳುವಾಗ ಅವರ ಕೈ ಅಂಗಿಯ ತೋಳು ತೊಡಿಸುವ ಹಾಗೆ ಗಾಳಿಯಲ್ಲಿ ಆಡುತ್ತಿತ್ತು. ನನಗೆ ಅಳು ಬಂತು.

ಅದಕ್ಕೇ ಇವತ್ತು ಈ ಗಾದಿ ಬಿಚ್ಚಿ ಕೂತಿದ್ದೇನೆ. ಕಮಾನು ನನಗೆ ಬರುವುದಿಲ್ಲ, ಕೈಯಿಂದಲೇ ಬಿಡಿಸುತ್ತಿದ್ದೇನೆ. ನನ್ನ ಟವೆಲು ಹಾಸಿ ಅಳೆದೆ, ಏಳೇ ಗುಂಪಾದವು. ಈಗ ನನಗೆ ನಲವತ್ತಾರು. ಒಂದೊಂದು ಗುಂಪು ಮುಗಿದಾಗ ಎದ್ದು ಗೇಟಿನವರೆಗೆ ನಡೆದು ಬಂದೆ, ಗೋಡೆ ಹಿಡಿದು ಎರಡು ಸಲ ಬಗ್ಗಿ ಎದ್ದೆ. ಇವತ್ತಿನ ಪಾಲು ಮೂರು ಎಂದು ಮೊದಲೇ ನಿಶ್ಚಯಿಸಿದ್ದೆ. ಮೂರನೆಯದು ಮುಗಿದಾಗ ಬಿಸಿಲು ಹಿತವಾಗಿತ್ತು, ಬೆರಳುಗಳಿಗೆ ಲಯ ಸಿಕ್ಕಿತ್ತು, ನಡ ಇದೆಯೋ ಇಲ್ಲವೋ ಎನ್ನುವ ಹಾಗಿತ್ತು. ಇನ್ನೊಂದು ಗುಂಪನ್ನು ಖಂಡಿತ ಮಾಡಬಹುದಿತ್ತು. ಕೈ ಅದರ ಕಡೆಗೆ ಹೋಗಿಯೂ ಇತ್ತು.

ನಾನು ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದೆ.

ಅಡಿಗೆಮನೆಯಿಂದ ಹೆಂಡತಿ ಹೊರಗೆ ಬಂದಳು. ಅಂಗಳದಲ್ಲಿ ಉಳಿದ ನಾಲ್ಕು ಗುಂಪನ್ನೂ, ಚಪ್ಪಟೆಯಾಗಿ ಬಿದ್ದ ಗಾದಿಯ ಖೋಳವನ್ನೂ, ನನ್ನ ಮುಖವನ್ನೂ ನೋಡಿದಳು. ಅವಳ ದನಿ ಇಳಿಯಿತು.

"ಯಾಕರಿ, ಭಾಳ ಬ್ಯಾನಿ ಆತೇನು?"

"ಇಲ್ಲ," ಎಂದೆ. "ಇವತ್ತ ಚಲೋ ಐತಿ. ಅದಕ್ಕ ಎದ್ದೆ."